ಜೂನ್ ಒಂದು

ಮುಳಗುಂದದ ನಂಬರ್ ಎರಡು ಸಾಲಿಯೊಳಗ
ಎಲ್ಲಾರೂ ಹುಟ್ಟಿದ್ದು ಜೂನ್ ಒಂದನೇ ತಾರೀಖು.

ಗದಿಗೆಯ್ಯ ಮಾಸ್ತರು ಕೇಳತಿದ್ದರು:
ಯಾವಾಗ ಹಡದೆವಾ ಇವನ್ನ?
ಜ್ವಾಳ ಹಾಲಗಾಳಿಗೆ ಬಂದಿತ್ರೀ.
ನಮ್ಮ ಕೆಂದಾಕಳ ಈದ ಮರುದಿನಾರೀ.
ಕೆರಿ ಕೋಡಿ ಬಿದ್ದ ವರ್ಷ, ಉತ್ರಿ ಮಳಿ, ಮಧ್ಯಾಹ್ನ.
ಮಾಸ್ತರು ತಲಿ ಹಾಕತಿದ್ದರು, ಎಲ್ಲಾ ತಿಳಿದವರಂಗ.
ಬಲಗೈ ನೆತ್ತಿ ದಾಟಿ ಎಡಗಿವಿ ಮುಟ್ಟಿತೋ,
ಟಾಕು ದೌತಿಗೆ ಅದ್ದಿ
ಆರು ವರ್ಷ ಹಿಂದಕ್ಕ ಎಣಿಸಿ
ಬರದೇ ಬಿಡತಿದ್ದರು.

ಐವತ್ನಾಲ್ಕು ವರ್ಷದ ಮ್ಯಾಲೆ, ಮೇ ಮೂವತ್ತೊಂದಕ್ಕ
ಸಾಲಿ ಅಂಗಳದಾಗ ಒಂದೇ ಪೆಂಡಾಲು.
ಗದಗ ಡಿಪೋದ ಕಂಡಕ್ಟರ್ ಯಲಗೂರದಪ್ಪ,
ಲೈನ್‌ಮನ್ ಮಾಬೂಸಾಬ ನದಾಫ,
ನೋಂದಣಿ ಕಚೇರಿಯ ಗುಮಾಸ್ತ ನಾನು,
ಹನ್ನೊಂದು ಮಂದಿ ಒಮ್ಮೆಲೇ ನಿವೃತ್ತಿ,
ಹನ್ನೊಂದು ಶಾಲು, ಭಾಷಣ ಮಾತ್ರ ಒಂದೇ.
ಮಾಬೂಸಾಬ ನನ್ನ ಕಿವಿಯಾಗ ಅಂದ:
ಅಲಾವಿ ಕುಣಿ ತುಳಿಯೋ ರಾತ್ರಿ ಹುಟ್ಟಿದಾಂವ ನಾನು.
ಲೆಕ್ಕಾ ಹಾಕಿದರ ಇನ್ನೂ ಏಳು ತಿಂಗಳ ಪಗಾರ
ಮಾಸ್ತರ ಟಾಕಿನ್ಯಾಗ ಉಳದೈತಿ ನೋಡು.

ಸಾಲಿಗೆ ನೂರು ತುಂಬತೈತಿ ಅಂತ ಪುಸ್ತಕ ಮಾಡಾಕತ್ತಾರ.
ಬಿಡುವಿದ್ದಾಂವ ನಾನೇ, ಕಪಾಟಿನ ಕೀಲಿ ನನ್ನ ಕೈಗೆ ಬಂತು.
ಹುಳ ತಿಂದ ಹಾಜರಿ, ಇಲಿ ತಿಂದ ನಕಾಶಿ,
ಅದರಡಿಗೆ ಕೆಂಪು ಬಟ್ಟಿಯ ದಾಖಲಾತಿ ರಿಜಿಸ್ಟರು.
ಪುಟಾ ತಿರುವಿದೆ. ಜೂನ್ ಒಂದು. ಜೂನ್ ಒಂದು.
ಅದರ ಕೆಳಗ ಬರೇ ಎರಡು ಗೀಟು, ಮ್ಯಾಲಿನದೇ ಅಂತ,
ಮೊಳದುದ್ದ ಇರಿವಿ ಸಾಲಿನಂಗ.
ನಂಬರ್ ಇನ್ನೂರಾ ಏಳಕ್ಕ ಗೀಟು ನಿಂತಿತ್ತು:
ಶಿವಗಂಗಾ ಹೊಂಬಳ,
ಆಗಸ್ಟ್ ಹದಿನಾಲ್ಕು, ರಾತ್ರಿ ಎರಡು ತಾಸು.

ನನ್ನ ಹಿಂದಿನ ಮಣಿಮ್ಯಾಲೆ ಕುಂದರತಿದ್ದಾಕಿ.
ಈಗ ದವಾಖಾನಿ ನರ್ಸಬಾಯಿ,
ಆಗಸ್ಟ್ ಮುಗಿಯೋತನಕ ನೌಕರಿ ಐತಿ ಆಕಿಗೆ.
ಹೋಗಿ ಕೇಳಿದೆ. ಗುಳಿಗಿ ಎಣಿಸಾಕತ್ತಿದ್ದಳು,
ಎಣಿಕಿ ಮುಗಿಸೇ ಅಂದಳು:
ಅವತ್ತ ನನ್ನ ಹಡದಾಕಿ ಹೋದಳು.
ಅಜ್ಜ ತಾರೀಖು ಮರೀಲಿಲ್ಲ.
ನಿಮ್ಮ ಮನ್ಯಾಗ ಅವತ್ತ ಎಲ್ಲಾ ನೆಟ್ಟಗಿತ್ತು,
ಆಕಳ ನೆನಪಿಟ್ಟರು, ಸಾಕಲ್ಲ.
ಆಮ್ಯಾಲೆ ನನ್ನ ಬಿಪಿ ನೋಡಿ
ಉಪ್ಪಿನಕಾಯಿ ಬಿಡು ಅಂದಳು.

ಸಂಜಿಕೆ ಮತ್ತ ಆ ಪುಟಾ ತಗದೆ.
ತಂದಿ ಹೆಸರು, ಜಾತಿ, ಕಸುಬು, ಸಾಲಿ ಬಿಟ್ಟ ಕಾರಣ,
ಎಲ್ಲಾಕ್ಕೂ ಮನಿ ಇತ್ತು. ತಾಯಿಗೆ ಇರಲಿಲ್ಲ.
ಕಡೇಕ, ಷರಾ ಅನ್ನೋ ಕಡೆ,
ಬ್ಯಾರೆ ಯಾರ ಮುಂದೂ ಏನೂ ಬರಿಯದ ಮಾಸ್ತರು
ದೌತಿಯ ತಳದ ತೆಳು ಮಸಿಯಿಂದ ಬರದಿದ್ದರು:
ತಾಯಿ, ನೀಲವ್ವ.