ನಾಳೆ ಬನ್ನಿ

ಇಪ್ಪತ್ತಾರು ವರ್ಷದಿಂದ ನಾನು ಬಂದರಿನ ಪಿಗ್ಮಿ ಕಲೆಕ್ಟರ್.
ಕಲೆಕ್ಟರ್ ಅಂದರೆ ದೊಡ್ಡ ಹುದ್ದೆ ಅಂದುಕೊಂಡು
ಹೆಣ್ಣು ನೋಡಲು ಹೋದ ದಿನ ಅವಳಜ್ಜಿ ಎದ್ದು ನಿಂತಿದ್ದರು.
ಹೆಗಲಿಗೊಂದು ಚೀಲ, ಅದರಲ್ಲಿ ಬ್ಯಾಟರಿ ಸೋತ ಯಂತ್ರ,
ಕೈಯಲ್ಲಿ ಕೊಡೆ: ಮಳೆಗೂ ಆಯಿತು, ನಾಯಿಗೂ ಆಯಿತು.

ಈ ವರ್ಷ ಬೀದಿಗೆಲ್ಲ ಒಂದೇ ಮಾತು:
ನಾಳೆ ಬನ್ನಿ.

ಇದಿನಬ್ಬರ ಒಣಮೀನಿನ ಮಳಿಗೆಯಲ್ಲಿ
ತಕ್ಕಡಿ ನೆಟ್ಟಗೆ ನಿಂತಿದೆ,
ಎರಡು ತಟ್ಟೆಯಲ್ಲೂ ಏನೂ ಇಲ್ಲ.
"ನೋಡಿ, ಎಷ್ಟು ನ್ಯಾಯವಾಗಿ ಉಂಟು!" ಅವರೇ ನಗುತ್ತಾರೆ.
"ಲೋಡು ಬರಲಿಲ್ಲ. ನಾಳೆ ಬನ್ನಿ."

ಹಂಚಿನ ಕಾರ್ಖಾನೆ ಮುಚ್ಚಿದ ಮೇಲೆ ಐತಪ್ಪಣ್ಣ
ಬೋಳಾರದ ತಿರುವಿನಲ್ಲಿ ಚಹಾ ಮಾಡುತ್ತಾರೆ.
ಆವೆಯ ಬೆಂಕಿ ಪಳಗಿಸಿದ ಕೈಗೆ
ಗ್ಯಾಸಿನ ಈ ನೀಲಿ ನಾಲಗೆ ಮಕ್ಕಳಾಟ.
ಸಿಲಿಂಡರಿನ ದರ ಏರಿದ ದಿನ
ಚಹಾ ಗ್ಲಾಸಿನಲ್ಲಿ ಒಂದು ಬೆರಳು ಇಳಿಯಿತು.
ಗಿರಾಕಿಗಳು ಕಂಡೂ ಕಾಣದ ಹಾಗೆ ಕುಡಿದರು.
ಅಷ್ಟು ಮರ್ಯಾದೆ ಈ ಊರಿನಲ್ಲಿ ಇನ್ನೂ ಉಂಟು.

ಹಿಲ್ಡಾ ಬಾಯಿಯ ಹೊಲಿಗೆ ಯಂತ್ರಕ್ಕೆ
ಹೊಸ ಬಟ್ಟೆಯ ವಾಸನೆ ಬಡಿಯದೆ ಎಷ್ಟು ತಿಂಗಳಾಯಿತೋ.
ಈಗ ಬರೀ ಹಳೆ ಅಂಗಿಗಳ ಕಾಲರು ಬಿಚ್ಚಿ ಮಗುಚುವ ಕೆಲಸ,
ಸವೆದ ಬದಿ ಒಳಗೆ, ಸವೆಯದ್ದು ಹೊರಗೆ.
"ಇನ್ನು ಎರಡು ವರ್ಷ ಬರ್ತದೆ," ದಾರ ಕಚ್ಚಿ ತುಂಡರಿಸಿ ಹೇಳುತ್ತಾಳೆ,
ಅಂಗಿಯನ್ನೋ, ನನ್ನನ್ನೋ, ಗೊತ್ತಾಗಲಿಲ್ಲ.

ಹಿಂದೆ ಬಾಗಿಲಿಗೆ 'ನಾಳೆ ಬಾ' ಅಂತ ಬರೆದು
ದೆವ್ವವನ್ನು ವಾಪಸು ಕಳಿಸುತ್ತಿದ್ದರಂತೆ.
ಪಾಪ, ಅಕ್ಷರ ಕಲಿತ ದೆವ್ವ!
ದಿನಾ ಬಂದು, ಓದಿ, ನಂಬಿ, ತಿರುಗಿ ಹೋಗುತ್ತಿತ್ತು.
ಒಂದು ತಿಂಗಳು ನಾನೇ ಅದು ಅಂದುಕೊಂಡೆ.
ಚೀಲ ಹಗುರಾದಷ್ಟೂ ಹೆಗಲು ನೋಯುತ್ತಿತ್ತು.

ಆಮೇಲೆ ಒಂದು ಸಂಜೆ, ದಕ್ಕೆಯಲ್ಲಿ,
ಡೀಸೆಲ್ಲಿಗೆ ದುಡ್ಡಿಲ್ಲದೆ ಸಾಲಾಗಿ ಕಟ್ಟಿಹಾಕಿದ ಬೋಟುಗಳು
ಒಂದಕ್ಕೊಂದು ಮೈ ಉಜ್ಜಿಕೊಂಡು ಕಿರುಗುಡುವಾಗ,
ಬಲೆಯ ರಾಶಿಯ ನಡುವಿನಿಂದ ಒಬ್ಬ ಹುಡುಗ ಕೂಗಿದ.
ಸುದಾಮ ಬೆಹೆರಾ. ಗಂಜಾಂ ಕಡೆಯವನು.
ಅವನ ಕನ್ನಡ ಬೋಟಿನಲ್ಲಿ ಕಲಿತದ್ದು, ಅರ್ಧಕ್ಕರ್ಧ ತುಳು.
"ಒಂದು ಖಾತೆ ಬೇಕಿತ್ತು."
ಹೊಸ ಖಾತೆಯ ಪುಸ್ತಕ ಚೀಲದ ತಳದಲ್ಲಿ
ಮಡಚಿದಲ್ಲೇ ಅಂಟಿಕೊಂಡಿತ್ತು.
"ದುಡಿಮೆ ಇಲ್ಲದ ಕಾಲಕ್ಕೆ ಉಳಿತಾಯ ಎಂತದ್ದು ಮಾರಾಯ?"
ಸೂಜಿ ನಿಲ್ಲಿಸದೆ ಹೇಳಿದ:
"ಬೋಟು ದಡದಲ್ಲಿರುವಾಗಲೇ ಅಲ್ವಾ ಬಲೆ ಹೊಲಿಯುವುದು?
ನೀರಿಗೆ ಇಳಿದ ಮೇಲೆ ಪುರುಸೊತ್ತೆಲ್ಲಿ?"
ವಿಳಾಸ ಕೇಳಿದರೆ ಬೋಟಿನ ನಂಬರು ಕೊಟ್ಟ.
ನಾಮಿನಿ, ತಂಗಿ. ಮೊತ್ತ, ಹತ್ತು.

ಉಪ್ಪು ಹತ್ತಿದ ಆ ನೋಟನ್ನು ಬೀದಿದೀಪಕ್ಕೆ ಹಿಡಿದೆ.
ಬೆನ್ನಿನಲ್ಲಿ ಹದಿನೈದು ಭಾಷೆ, ಇರುವೆ ಸಾಲಿನ ಹಾಗೆ.
ನನ್ನ ಕನ್ನಡದಿಂದ ಆರು ಮೆಟ್ಟಿಲು ಕೆಳಗೆ ಅವನ ಒಡಿಯಾ.
ತುಳು ಇಲ್ಲ, ಬ್ಯಾರಿ ಇಲ್ಲ;
ಆದರೂ ಅವೆರಡರಲ್ಲೇ ಇಡೀ ಬಂದರು ಅದನ್ನು ಎಣಿಸುತ್ತದೆ.
ಎಲ್ಲರೂ ಒಂದೇ ಮಾತು ಹೇಳುತ್ತಾರೆ: ಹತ್ತು.
ಎಂಥ ಕೆಟ್ಟ ಕಾಲದಲ್ಲೂ ಅದರಲ್ಲಿ ಒಬ್ಬನೂ
ಒಂಬತ್ತೂವರೆ ಅನ್ನಲಿಲ್ಲ.

ಟಿವಿಯಲ್ಲಿ ದೇಶದ ಗೆರೆ ಏರುತ್ತದೆ, ಇಳಿಯುತ್ತದೆ;
ನನಗೆ ಅದು ತಿಳಿಯುವುದಿಲ್ಲ.
ತಿಳಿದದ್ದು ಇಷ್ಟೇ, ಇಪ್ಪತ್ತಾರು ವರ್ಷದಲ್ಲಿ
ಬಾಗಿಲು ಮುಚ್ಚಿದವರೂ ಕೂಡ
ಬರಬೇಡಿ ಅನ್ನಲಿಲ್ಲ.
ನಾಳೆ ಅಂದರು. ಬನ್ನಿ ಅಂದರು.
ಸಾಲ ಹೇಳುವಾಗಲೂ ಬಹುವಚನ.

ರಾತ್ರಿ ಯಂತ್ರವನ್ನು ಚಾರ್ಜಿಗೆ ಹಾಕಿದೆ.
ಚಪ್ಪಲಿಯ ಉಂಗುಷ್ಠಕ್ಕೆ ಹೆಂಡತಿ ಒಂದು ಪಿನ್ನು ಚುಚ್ಚಿಕೊಟ್ಟಳು.

ಬೆಳಗ್ಗೆ ಇದಿನಬ್ಬರ ತಕ್ಕಡಿ
ಒಂದು ಬದಿಗೆ ಕೊಂಚ ವಾಲಿದ ಹಾಗಿತ್ತು.
ಗಾಳಿಗೋ, ಮೀನಿಗೋ, ಕೇಳಲಿಲ್ಲ.
ಕೊಡೆ ಮಡಚಿ
ಒಳಗೆ ಹೋದೆ.