ನಿರಿಗೆ

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ
ಗುದ್ದಿಸಿಕೊಂಡ ಕಾರುಗಳ ಮೂತಿ ನೆಟ್ಟಗೆ ಮಾಡುವ ದುಗ್ಗಪ್ಪ
ನನ್ನ ಅಲ್ಯುಮಿನಿಯಂ ಕೊಳವೆಯನ್ನು ಅಂಗೈಯಲ್ಲಿ ತೂಗಿ ನಕ್ಕ:
‘ಇನ್ನೂರು ಗ್ರಾಮೂ ಇಲ್ಲ. ಇದು ಬಸ್ಸು ತಡೀತದಾ?’

ತಡೆಯಲಿಕ್ಕಲ್ಲ, ಎಂದೆ. ನುಂಗಲಿಕ್ಕೆ.

ಸರಪಳಿಯಲ್ಲಿ ಎತ್ತಿದ ನಲವತ್ತು ಕೆಜಿ ಕಬ್ಬಿಣ
ಶೀಟಿನ ಮಾಡಿನೆತ್ತರದಿಂದ ಬಿಟ್ಟೆವು.
ಕೊಳವೆ ಪಕ್ಕಕ್ಕೆ ವಾಲಿ ಸೊಂಟ ಮುರಿದುಕೊಂಡಿತು.
ಎರಡನೆಯದೂ. ಮೂರನೆಯದೂ.
ನನ್ನ ಲೆಕ್ಕದ ಹಾಳೆಯ ತುಂಬ ಗ್ರೀಸು.

ನಾಲ್ಕನೆಯದಕ್ಕೆ ಅವನು ಮೊಂಡು ಉಳಿ ಹಿಡಿದು
ಕಂಠದ ಸುತ್ತ ಒಂದು ತಗ್ಗು ಗೆರೆ ಬಡಿದ.
‘ಎಲ್ಲಿಂದ ಸೋಲಬೇಕು ಅಂತ
ಮೊದಲೇ ಹೇಳಿಕೊಡ್ಬೇಕು ತಂಗೀ, ತಗಡಿಗೆ.’

ಈ ಸಲ ಕೂತಿತು,
ಸೀರೆಗೆ ನಿರಿಗೆ ಹಿಡಿದಂತೆ
ಮಡಿಕೆಯ ಮೇಲೆ ಮಡಿಕೆ, ನೇರ, ಕೆಳಕ್ಕೆ.
ಮುಟ್ಟಿದೆ. ಬೆಚ್ಚಗಿತ್ತು.
ಬಿದ್ದ ಪೆಟ್ಟೆಲ್ಲ ಅದರೊಳಗೇ.

ನಾನು ಕುಣಿದೆ. ದುಗ್ಗಪ್ಪ ಕೈ ಒರೆಸುತ್ತ ನಿಂತಿದ್ದ.
ಆಗುಂಬೆಯ ಏಳನೇ ತಿರುವಿನಲ್ಲಿ
ಅಣ್ಣನ ಜೀಪು ಬಂಡೆಗೆ ಹೊಡೆದಾಗ, ಅಂದ,
ಬಂಪರಿಗೆ ಒಂದು ಗೀರೂ ಇರಲಿಲ್ಲ.
ತಿಥಿ ಮುಗಿದ ವಾರವೇ
ಒಳ್ಳೇ ರೇಟಿಗೆ ಹೋಯಿತು.