ಹನ್ನೊಂದನೇ ನಂಬರು

ಗ್ರಾಮಸಭೆಯಲ್ಲಿ ಮೈಕು ಕೆಟ್ಟು
ಪಟ್ಟಿ ಓದಲು ನನ್ನ ಗಂಟಲೇ ಬೇಕಾಯಿತು.
ಓದುವ ಮೊದಲೇ ಎದ್ದರು ನಾಗಭೂಷಣಗೌಡರು:
"ಶಾಲೆ ಪಕ್ಕ ಆಶ್ರಯ ಮನೆಯಾ?
ಎಲ್ಲೆಲ್ಲಿಯವರೋ ಬಂದು ಕೂರ್ತಾರೆ.
ಬಿಟ್ಟಿ ಮನೆ ಕೊಟ್ರೆ ಗೆಯ್ಯೋರು ಯಾರು?"
ಹೌದು ಹೌದು ಅಂದವು ಪ್ಲಾಸ್ಟಿಕ್ ಕುರ್ಚಿ.

ಒಂದು, ಫಿಲೋಮಿನಾ ಡಯಾಸ್.
ಗೌಡರ ಮೊಮ್ಮಗ ಎರಡನೇ ಸಲ ಸಾರು ಕೇಳುವುದು ಇವಳನ್ನೇ.
ನಾಲ್ಕು, ಹಸಲರ ದ್ಯಾವಮ್ಮ.
ಏಳು, ರಿಪ್ಪನ್‌ಪೇಟೆಯಿಂದ ಹಾಲಿನ ವ್ಯಾನು ತರುವ ಕಾಸಿಂ,
ಬಾಡಿಗೆ ಶೆಡ್ಡಿನಲ್ಲಿ ಹದಿನಾರು ವರ್ಷದಿಂದ
'ಈಗ ಬಂದವನು'.

ಬಿಟ್ಟಿಯ ಮಾತಿಗೆ ನನ್ನಕ್ಕ ಸಾಕ್ಷಿ.
ಪಾಯದೆದುರು ನಿಂತು ಒಂದು ಫೋಟೊ,
ಗೋಡೆಯೆದುರು ನಿಂತು ಒಂದು.
ಲಿಂಟಲ್ಲಿಗೆ ಬಂದಾಗ ಕಂತು ನಿಂತಿತು;
ಮೇಲಿನದು ಓಲೆ ಅಡವಿಟ್ಟು ಎದ್ದದ್ದು.
ಕೊನೆಯ ಫೋಟೊ ಆಫೀಸಿನಲ್ಲೇ ಇದೆ, ನೋಡಿ,
ಕಿವಿಯಲ್ಲಿ ಹಿಡಿಕಡ್ಡಿ ಚೂರು.

ಹನ್ನೊಂದು, ಕೆರಿಯಪ್ಪ ಬಿನ್ ಬೂದ್ಯಪ್ಪ.
"ಯಾರೋ ಅದು? ಈ ಊರವನಲ್ಲ," ಅಂದರು ಗೌಡರು,
ನನ್ನ ಮುಖವನ್ನೇ ನೋಡುತ್ತಾ.

ಊರಿಗೆ ನಾನು ಬರೀ 'ನೀರಿನವನು'.
ನಾಳೆ ಆರಕ್ಕೆ ನಲ್ಲಿ ತಿರುಗಿಸಿ, ಗೊತ್ತಾಗುತ್ತೆ
ಅನ್ನಬೇಕಿತ್ತು.
ಹನ್ನೆರಡು, ಅಂದೆ.